ಅತ್ತೆಯ ಬಲಗೈ ಮತ್ತು ಅಗ್ಗದ ಮಚ್ಚು

ಅಗ್ಗದ ಮಚ್ಚು ಕೊಂಡಿದ್ದಕ್ಕೆ ಮನೆಯಲ್ಲಿ ಎಲ್ಲರೂ ನನ್ನನ್ನು ಆಡಿಕೊಂಡರು. ಅತ್ತೆಯನ್ನು ಹಾಸನದ ಆಸ್ಪತ್ರೆಗೆ ತೋರಿಸಿಕೊಂಡು ವಾಪಸ್ ಬರುವಾಗ, ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಮಾರುತ್ತಿದ್ದವನ ಹತ್ತಿರ ತೆಗೆದುಕೊಂಡದ್ದು. ಮೈಗೆಲ್ಲ ಕರಿ ಬಣ್ಣ, ಹಿಡಿ ಎಂಥದೋ ಹಗುರ ಮರದ್ದು. ನನ್ನ ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಸೌತೆಕಾಯಿ ಎಚ್ಬೋದು ಕಣೆ," ಅಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಸೌದೆ ಕಡಿಯೋಳು ನಾನು, ನಿಮ್ಗೇನ್ ಕಷ್ಟ?" ಅಂದು ಕಿತ್ತುಕೊಂಡೆ.

ಸೌದೆ ಅಲ್ಲಿಯತನಕ ಅತ್ತೆಯ ಇಲಾಖೆ. ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿದೆ. ಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾದರೂ ಬಚ್ಚಲ ಹಂಡೆಗೆ ಇವತ್ತಿಗೂ ಸೌದೆಯೇ. ಬೇರೆ ಯಾರಾದರೂ ತಮ್ಮ ಮಚ್ಚು ಮುಟ್ಟಿದರೆ ಅತ್ತೆ ರೇಗುತ್ತಿದ್ದರು, ಅದಕ್ಕೇ ನಾನು ಬೇರೆ ಕೊಂಡದ್ದು. ಈ ಸಲ ಮಳೆಗಾಲ ಶುರುವಾಗುವ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಮಾತೂ ಬಂತು. ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಹಿಸುಕಿ ಅಭ್ಯಾಸ ಮಾಡಲಿ ಎಂದು ಆಸ್ಪತ್ರೆಯಲ್ಲಿ ರಬ್ಬರ್ ಚೆಂಡು ಕೊಟ್ಟಿದ್ದರು. ಬೆರಳು ಅಲುಗಲಿಲ್ಲ. "ನಾಯ್ಗೆ ಆಡಕ್ಕೆ ಕೊಡು," ಅಂದು ಎಡಗೈಯಲ್ಲಿ ಅಂಗಳಕ್ಕೆ ಎಸೆದರು.

ಮಚ್ಚು ಕೊಂಡ ದಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ಹಿಡಿತ ಬರುವುದಿದ್ದರೆ ಇಷ್ಟರಲ್ಲೇ ಬರಬೇಕು, ತಡವಾದಷ್ಟೂ ಆಸೆ ಕಮ್ಮಿ ಅಂದಿದ್ದರು. ನಾನದನ್ನು ಗಂಡನಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಅನ್ನುವ ಭಯ.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿ, ನಾನು ಮಚ್ಚು ಮಸೆಯಲು ಕೂತೆ. ಮೊದಲು ಅರದಲ್ಲಿ ಉಜ್ಜಿದೆ. ಕರಿ ಬಣ್ಣ ಹೋಗಿ ಬಿಳಿ ಕಬ್ಬಿಣ ಕಂಡಿತು. ಆಮೇಲೆ ಕಲ್ಲಿಗೆ ನೀರು ಚಿಮುಕಿಸಿ, ಬಾಯಿ ತೆಳ್ಳಗಾಗುವ ತನಕ ಮಸೆದೆ. ನುಗ್ಗೆ ಕೊಂಬೆಯೊಂದಕ್ಕೆ ಬೀಸಿದೆ. ಒಂದೇ ಏಟಿಗೆ ತುಂಡಾಗಿ ಬಿತ್ತು. ಗಂಡ ನೋಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅದೇ ಜೋರಿನಲ್ಲಿ ಕೊರಡಿನ ಮೇಲಿಟ್ಟಿದ್ದ ಒಣ ಜಾಲಿ ತುಂಡಿಗೆ ಹಾಕಿದೆ ನೋಡಿ, ಮಚ್ಚಿನ ಬಾಯಿ ಹಪ್ಪಳದ ಅಂಚಿನ ಹಾಗೆ ಮಡಚಿಕೊಂಡಿತು.

"ಥೂ, ಇದರ ಮನೆ ಹಾಳಾಗ!"

ಕುರ್ಚಿಯಲ್ಲಿದ್ದ ಅತ್ತೆ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ಮೇವು ಕುಯ್ಯೋ ಕುಡ್ಲು ಮಸ್ದಂಗೆ ಮಸ್ದಿದೀಯ. ಮಡಚ್ಕಳ್ದೆ ಇನ್ನೇನ್ ಮಾಡ್ತದೆ? ಸೌದೆ ಮಚ್ಗೆ ಬಾಯಿ ಒಸಿ ದಪ್ಪ ಬುಡ್ಬೇಕು ಕಣಮ್ಮಿ."

ಸರಿಯೇ. ಹಸುಗಳಿಗೆ ದಿನಾ ಕುಡುಗೋಲು ಹಿಡಿದ ಕೈ ನನ್ನದು. ಮಚ್ಚನ್ನೂ ಹಾಗೇ ಮಸೆದಿತ್ತು. ಮಡಚಿದ್ದನ್ನೆಲ್ಲ ಅರದಲ್ಲಿ ತೆಗೆದು, ಅರವನ್ನು ಸ್ವಲ್ಪ ಎತ್ತಿ ಹಿಡಿದು ಮತ್ತೆ ಉಜ್ಜಿದೆ. ಈ ಸಲ ಅದೇ ಜಾಲಿಯಿಂದ ಚಕ್ಕೆ ಹಾರಿತು. ಮಚ್ಚಿನ ಬಾಯಿಯನ್ನು ಬೆರಳಲ್ಲಿ ಸವರಿ ನೋಡಿದೆ, ಎಲ್ಲೂ ಮುಕ್ಕಾಗಿರಲಿಲ್ಲ.

"ಎಲ್ಲಿ, ತತ್ತಾ ಇಲ್ಲಿ," ಅಂದರು ಅತ್ತೆ.

ನಾನು ಗೆಲುವಿನಲ್ಲಿ ಮಚ್ಚನ್ನು ಅವರ ಮುಂದೆ ಚಾಚಿದೆ.

"ಕೈಗ್ ಕೊಡ್ತಾರೇನೆ ಮಚ್ಚ? ನಂಗೂ ನಿಂಗೂ ಜಗಳ ಆಗ್ಲಿ ಅಂತಲಾ? ಮಡಗು ಅಲ್ಲಿ."

ನಮ್ಮಲ್ಲಿ ಅಲಗನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅವರ ಕುರ್ಚಿಯ ಪಕ್ಕದ ಕೊರಡಿನ ಮೇಲೆ, ಎಡಗೈಗೆ ಸಿಗುವ ಹಾಗೆ ಇಟ್ಟೆ. ಅತ್ತೆ ಎಡಗೈ ಚಾಚಿದವರು ಅರ್ಧದಲ್ಲೇ ನಿಲ್ಲಿಸಿದರು. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುವ ವಸ್ತು ಅದು. ಎಡಗೈಯಲ್ಲಿ ಎತ್ತಲು ಅವರಿಗೆ ಮನಸ್ಸು ಬರಲಿಲ್ಲ.

ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಅದನ್ನು ತಂದು ಹಿಡಿಯ ಮೇಲೆ ಇಟ್ಟರು. ಏನೂ ಆಗಲಿಲ್ಲ. ನಾನು ಬೇರೆ ಕಡೆ ನೋಡಬೇಕೆಂದುಕೊಂಡೆ, ಆಗಲಿಲ್ಲ. ಆಮೇಲೆ ಕಿರುಬೆರಳು ಸ್ವಲ್ಪ ಬಾಗಿತು. ಅದರ ಪಕ್ಕದ್ದು ಬಾಗಿತು. ಮಿಕ್ಕ ಬೆರಳುಗಳು ಅವುಗಳ ಹಿಂದೆ ಬಂದವು, ಕೊನೆಗೆ ಹೆಬ್ಬೆರಳು. ಅಯ್ಯೋ ದೇವರೇ! ಚೆಂಡು ಹಿಸುಕಲಾಗದೆ ಸೋತಿದ್ದ ಕೈ, ಮಚ್ಚಿನ ಹಿಡಿ ಸಿಕ್ಕಿದ ಕೂಡಲೇ ತಾನೇ ಸುತ್ತಿಕೊಂಡಿತ್ತು. ಮಂಗಳಾರತಿ ಎತ್ತಿದಾಗ ನಿಲ್ಲುವ ಹಾಗೆ ನಿಂತುಬಿಟ್ಟೆ.

ಅತ್ತೆ ಎಡಗೈ ಆಸರೆಯಲ್ಲಿ ಮಚ್ಚನ್ನು ಎತ್ತಿದರು. ಕೊರಡಿನ ಮೇಲಿದ್ದ ಜಾಲಿ ತುಂಡಿನ ಮೇಲೆ ಬಿಟ್ಟರು. ಅದೇನೂ ತುಂಡಾಗಲಿಲ್ಲ, ಅಲಗು ಒಂಚೂರು ಒಳಗೆ ಹೋಗಿ ಕಚ್ಚಿಕೊಂಡಿತು.

"ಅಬ್ಬಬ್ಬಾ, ಅತ್ತೆ! ಸಾಕು, ಬುಡಿ ಈಗ," ಅಂದೆ.

ಬಿಡಲು ನೋಡಿದರು. ಬೆರಳು ಬಿಚ್ಚಲಿಲ್ಲ. ಮಡಚಿದ ಕೈಗೆ ಮತ್ತೆ ತೆರೆಯುವುದು ಗೊತ್ತಾಗುತ್ತಿರಲಿಲ್ಲ. ನಾನು ಓಡಿ ಹೋಗಿ ಮಂಡಿಯೂರಿ, ಅವರ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸತೊಡಗಿದೆ. ಎಷ್ಟು ಬಿಗಿಯಿತ್ತು ಅಂತೀರಿ!

ಅತ್ತೆ ಎಡಗೈಯಿಂದ ನನ್ನ ಕೈಯನ್ನು ಆಚೆ ತಳ್ಳಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಬುಡಿಸ್ಬ್ಯಾಡ ಕಣಮ್ಮಿ, ಒಸಿ ಒತ್ತು ಇಂಗೇ ಇರ್ಲಿ. ಈ ಕೈಲಿ ಏನಾರ ಇಡ್ಕಂಡು ಎಷ್ಟ್ ದಿನ ಆಗಿತ್ತು."