ಬೆನ್ನು ಮುಂದಾಗಿ ಕೂತವರು

ಹುತ್ತೂರಿನ ಹತ್ತಿರ ನಮ್ಮ ಪಕ್ಕದ ಹಿಪ್ಪುನೇರಳೆ ತೋಟದ ಯಜಮಾನರು ಮಿಲ್ಟ್ರಿಯಲ್ಲಿ ದೋಣಿ ನಡೆಸುವುದನ್ನು ಕಲಿತು, ಒಲಿಂಪಿಕ್ಸ್‌ನಲ್ಲಿ ದೋಣಿ ಪಂದ್ಯ ಗೆದ್ದು ಬಂದಿದ್ದರು. ಆ ಕಥೆ ಕೇಳಿದರೆ ಅಂಗೈ ಉಜ್ಜಿಕೊಂಡು ಸುಮ್ಮನೆ ನಗೋರು. ಬೋರ್‌ವೆಲ್ ಮೋಟರ್ ಮೇಲೆತ್ತಲು ಎಲ್ಲರೂ ಹಗ್ಗ ಹಿಡಿದಾಗ ಮಾತ್ರ ಅವರ ದನಿ ಏಳೋದು: "ಅವಸರ ಬೇಡ ಕಣ್ರೋ, ಒಂದೇ ಸಮ ಎಳೀರಿ."

ಕೆರೆ ತುಂಬಿದ ವರ್ಷ ಗಣೇಶನನ್ನು ನಡುನೀರಿನಲ್ಲಿ ಬಿಡೋಣ ಅಂತ ಮೀನು ಹಿಡಿಯೋರ ದೋಣಿ ತಂದು, ಹುಟ್ಟುಗಳನ್ನು ಅವರ ಕೈಗೇ ಕೊಟ್ಟೆವು. ಅವರೋ ಹೋಗಬೇಕಾದ ಕಡೆಗೆ ಬೆನ್ನು ಹಾಕಿ, ದಡದ ಕಡೆ ಮುಖ ಮಾಡಿ ಕೂತರು! ಜನ ಗೊಳ್ಳೆಂದು ನಕ್ಕರು. ನನಗೇ ನಾಚಿಕೆಯಾಯಿತು. ನಮ್ಮಜ್ಜಿ ಕೂಗಿದಳು: "ಏನ್ಲಾ, ಒಲಿಂಪಿಕ್ಸ್ ಗೆದ್ದೋನಿಗೆ ದೋಣೀಲಿ ನೆಟ್ಟಗೆ ಕೂರಕ್ಕೂ ಬರಲ್ವಾ? ದೇವ್ರನ್ನ ಎಲ್ಲಿಗೆ ಗುದ್ದಿಸ್ತೀಯ?"

ಅವರು ತಿರುಗಿ ಕೂರಲಿಲ್ಲ. ನಮ್ಮನ್ನೇ ನೋಡುತ್ತಾ ಒಂದೇ ಸಮ ಎಳೆದರು. ದೋಣಿ ದಾರ ಹಿಡಿದ ಹಾಗೆ ನೆಟ್ಟಗೆ ನಡುನೀರು ಸೇರಿತು.

ಗಣೇಶನನ್ನು ಬಿಟ್ಟು ಬಂದ ಮೇಲೆ ಅಜ್ಜಿಯ ಪಕ್ಕ ಕೂತು ಹೇಳಿದರು: "ಅವ್ವಾ, ಪಂದ್ಯದಲ್ಲೂ ಎಲ್ಲಾರೂ ಹಿಂಗೇ ಕೂರೋದು. ಗೆದ್ದ ದಿನ ನನಗೆ ಕಂಡಿದ್ದು ಹಿಂದೆ ಉಳಿದೋರ ಬೆನ್ನು ಅಷ್ಟೇ. ಇವತ್ತು ನಿಮ್ಮೆಲ್ಲರ ಮುಖ ಕಾಣಿಸ್ತು."