ಕೊತ್ತಲದ ಮೇಲಿನ ಕೂಗು

ನಮ್ಮ ಹಿತ್ತಲಿನ ಪಕ್ಕದ ಕಲ್ಲುಗುಡ್ಡೆ ಯಾರದು ಎಂದು ಕಳೆದ ರಜೆಯಲ್ಲಿ ನೀವು ಕೇಳಿದಿರಿ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಅದಕ್ಕೆ ಬರೆದಿಡುತ್ತಿದ್ದೇನೆ, ಮಕ್ಕಳೇ.

ಅದು ಗುಡ್ಡೆಯಲ್ಲ, ಕೊತ್ತಲ. ಪಿರಿಯಾಪಟ್ಟಣದ ಸುತ್ತ ಕೋಟೆಯಿದ್ದ ಕಾಲದಲ್ಲಿ ಕಾವಲಿನವರು ನಿಲ್ಲಲೆಂದು ಗೋಡೆಯ ಮೂಲೆಗೆ ದುಂಡಗೆ ಕಟ್ಟಿದ್ದು. ಹೊರಗೆ ಕಲ್ಲು, ಒಳಗೆಲ್ಲ ಮಣ್ಣು. ಪುಸ್ತಕದಲ್ಲಿ ಏನು ಬರೆದಿದೆಯೋ ನನಗೆ ತಿಳಿಯದು. ನಿಮ್ಮ ತಾತನ ಮನೆಯವರು ಹೇಳುತ್ತಿದ್ದುದು ಇಷ್ಟು: ಅವರ ಹಿರೀಕರು ಈ ಕೊತ್ತಲದ ಕಾವಲಿನವರು. ಹೊತ್ತು ಮುಳುಗುವಾಗ ಮೇಲೆ ನಿಂತು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೆ ಕೋಟೆಯ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬಂದವರು ಬೆಳಗಿನವರೆಗೆ ಹೊರಗೇ.

ಕೋಟೆ ಹೋಯಿತು. ಕಲ್ಲುಗಳನ್ನು ಜನ ಮನೆಗೆ, ಮೋರಿಗೆ ಹೊತ್ತುಕೊಂಡು ಹೋದರು. ಕಂದಕದಲ್ಲಿ ಈಗ ಜೋಳ ಬೆಳೆಯುತ್ತಾರೆ. ಆದರೂ ಈ ಮನೆಯ ಗಂಡಸರು ಕೂಗುವುದನ್ನು ಬಿಡಲಿಲ್ಲ.

ನಾನು ಸಾಲಿಗ್ರಾಮದ ಕಡೆಯಿಂದ ಸೊಸೆಯಾಗಿ ಬಂದ ಮೊದಲ ಸಂಜೆ ನಿಮ್ಮ ತಾತ ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತಿ, "ಒರಗಿರೋರು ಒಳಕ್ಕೆ ಬರ್ರಪ್ಪೋ, ಬಾಗ್ಲು ಆಕ್ತೀವಿ" ಎಂದು ಕೂಗಿದರು. ನಾನು ಸೆರಗು ಬಾಯಿಗಿಟ್ಟು ನಕ್ಕುಬಿಟ್ಟೆ. ಅವರು ಇಳಿದು ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ:

"ಬಾಗ್ಲೇ ಇಲ್ವಲ್ಲ, ಏನ ಆಕ್ತೀರಿ?"

"ಬಾಗ್ಲು ಓದ್ರೇನು, ಒರಗಿರೋರು ಇರ್ತಾರಲ್ಲ" ಎಂದರು.

ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು.

ಆ ಕೂಗಿಗೆ ನಮ್ಮ ಬೀದಿಯೇ ಒಗ್ಗಿಕೊಂಡಿತ್ತು. ಹೊಗೆಸೊಪ್ಪು ಮುರಿಯುತ್ತಿದ್ದ ಹೆಂಗಸರು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಮನೆಯ ಕಡೆ ಹೊರಡುತ್ತಿದ್ದರು. ನಾನು ಹಿತ್ತಲಿನಲ್ಲಿ ಸೊಪ್ಪು ಸೋಸುತ್ತಾ ಕುಳಿತಿರುತ್ತಿದ್ದೆ. ಮೂರನೆಯ ಕೂಗು ಕೇಳಿದ ಕೂಡಲೇ ಎದ್ದು ಎಸರಿಡುತ್ತಿದ್ದೆ. ಸೊಸೆಯಂದಿರು ಕೊತ್ತಲ ಹತ್ತುವ ಪದ್ಧತಿ ಇರಲಿಲ್ಲ. ನಾನು ಕೇಳಲೂ ಇಲ್ಲ.

ಅವರು ತೀರಿಕೊಂಡ ಮೇಲೆ ಕೂಗು ನಿಂತಿತು. ನಿಮ್ಮಪ್ಪ ಕೆಲಸದ ಮೇಲೆ ಹುಣಸೂರಿನಲ್ಲಿದ್ದ. ತಿಥಿ ಕಳೆದು ಎಷ್ಟೋ ದಿನದ ಮೇಲೆ ಎದುರುಮನೆಯ ಅಕ್ಕ ಬಂದು ಜಗಲಿಯ ಮೇಲೆ ಕುಳಿತರು.

"ಕೂಗಿಲ್ದೆ ಒತ್ತೇ ಗೊತ್ತಾಗಾಕಿಲ್ಲ ಕಣವ್ವ. ನಮ್ಮೆಮ್ಮೆ ಕೊಟ್ಟಿಗೆ ಬಾಗ್ಲಲ್ಲಿ ನಿಂತ್ಕಂಡು ನನ್ ಮಕಾನೇ ನೋಡ್ತದೆ. ನೀನೇ ಮ್ಯಾಕೆ ಅತ್ತಿ ಕೂಗು."

"ನನ್ ದನಿ ನಿಮ್ಮ ಕೊಟ್ಟಿಗೆ ತಂಕಾನೂ ಬರಾಕಿಲ್ಲ ಕಣಕ್ಕ."

"ಎಮ್ಮೆ ಕಿವಿ ದೊಡ್ಡವು, ಬುಡು."

ಮಾರನೆಯ ದಿನ ಸಂಜೆ ಹತ್ತಿದೆ. ಮೇಲೆ ಹೋಗಿ ಮೊದಲು ಕಂಡದ್ದು ಊರಲ್ಲ, ದಾರಿಯಲ್ಲ. ನಮ್ಮ ಹಿತ್ತಲು. ನಾನು ಕೂರುತ್ತಿದ್ದ ಕಲ್ಲು ಕಾಲಬುಡದಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಅಷ್ಟು ವರ್ಷ ಅವರು ಹೊರಗಿನ ದಾರಿ ನೋಡಿಕೊಂಡು ಕೂಗುತ್ತಾರೆ ಎಂದುಕೊಂಡಿದ್ದೆ. ದಿನಾ ಮೇಲಿನಿಂದ ನನ್ನ ನೆತ್ತಿಯನ್ನೇ ನೋಡುತ್ತಿದ್ದವರಿಗೆ ನಾನು ಒಂದು ದಿನವಾದರೂ ತಲೆಯೆತ್ತಿ ಮುಖ ತೋರಿಸಬಹುದಿತ್ತು.

ಮೊದಲ ಕೂಗು ಎದುರುಮನೆಯವರೆಗಷ್ಟೇ ಹೋಯಿತು. ಎರಡನೆಯದು ಬೀದಿಗೆಲ್ಲ ಕೇಳಿತು. ಮೂರನೆಯದಕ್ಕೆ ಉಸಿರು ಎಳೆದುಕೊಂಡವಳು ನಿಂತುಬಿಟ್ಟೆ. ಮೂರನೆಯದು ಮುಗಿದರೆ ಬಾಗಿಲು ಮುಚ್ಚಿದ ಹಾಗೆ. ಹೊರಗಿರುವವರು ಯಾರು ಎಂದು ನೆನೆದೆ: ತೀರಿಕೊಂಡ ಅವರು, ಹುಣಸೂರಿನಲ್ಲಿರುವ ಮಗ. ಮೂರನೆಯದು ಕೂಗದೆ ಇಳಿದು ಬಂದೆ.

"ಯಾಕವ್ವ, ಎಲ್ಡೇ ಕೂಗ್ದೆ?" ಎಂದು ಅಕ್ಕ ಬೀದಿಯಿಂದಲೇ ಕೇಳಿದರು.

"ಸಾಕು ಕಣಕ್ಕ."

ಅವರು ನನ್ನ ಮುಖ ನೋಡಿದರು. ಮತ್ತೆ ಯಾವತ್ತೂ ಕೇಳಲಿಲ್ಲ. ಎಮ್ಮೆಯೂ ಎರಡಕ್ಕೇ ಕೊಟ್ಟಿಗೆಗೆ ಹೋಗುವುದನ್ನು ಕಲಿಯಿತು.

ನೀವು ದೊಡ್ಡವರಾಗಿ ಈ ಕೊತ್ತಲ ಹತ್ತಿದರೆ ಮೂರು ಸಲ ಕೂಗಿ, ಹಿರೀಕರ ಕಟ್ಟಳೆ ಅದು. ಹೆಣ್ಣುಮಕ್ಕಳೂ ಹತ್ತಿ. ನನ್ನ ಮಂಡಿ ಈಗ ನೋಯುತ್ತದೆ, ಮೆಟ್ಟಿಲುಗಳೂ ಸಡಿಲವಾಗಿವೆ, ಆದರೂ ದಿನಾ ಹೋಗುತ್ತೇನೆ. ಎರಡು ಸಲ ಕೂಗಿ, ಹುಣಸೂರಿನ ರಸ್ತೆ ಕಪ್ಪಾಗುವವರೆಗೆ ಅಲ್ಲೇ ನಿಂತಿರುತ್ತೇನೆ.