ಇಪ್ಪತ್ತು–ಸೊನ್ನೆಯ ಗೆಲುವು

ದೆಹಲಿಯ ನಮ್ಮ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ನಾಲ್ಕು ವರ್ಷಗಳಿಂದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತು ವಾಪಸು ಬರುತ್ತಿದೆ. ಇದು ನನಗೆ ತಿಳಿಯುವುದು ಹಳೆಯ ಆಟಗಾರ್ತಿಯರ ವಾಟ್ಸಾಪ್ ಗುಂಪಿನಿಂದ. ಅಲ್ಲಿ ಬರುವುದು ಎರಡೇ ಬಗೆಯ ಸಂದೇಶ: ಹುಟ್ಟುಹಬ್ಬದ ಶುಭಾಶಯ, ಸೋಲಿನ ಸುದ್ದಿ. ಸೋಲಿನ ಸುದ್ದಿ ಬಂದ ಹತ್ತು ನಿಮಿಷದೊಳಗೆ ಯಾರಾದರೂ ಒಬ್ಬರು ‘ಇಪ್ಪತ್ತು–ಸೊನ್ನೆ’ ಎಂದು ಬರೆಯುತ್ತಾರೆ. ಉಳಿದವರು ಅದಕ್ಕೆ ಕೈ ಮುಗಿಯುತ್ತಾರೆ.

ಇಪ್ಪತ್ತು–ಸೊನ್ನೆ ನಮ್ಮ ಕಾಲದ ಕ್ವಾರ್ಟರ್ ಫೈನಲ್, ಆತಿಥೇಯರೆಂದು ನಮಗೆ ನೇರವಾಗಿ ಸಿಕ್ಕಿದ್ದು. ನಮ್ಮದೇ ಅಂಗಳದಲ್ಲಿ, ಜನವರಿಯಲ್ಲಿ, ಪಂಜಾಬಿನ ಕಡೆಯ ತಂಡವೊಂದಕ್ಕೆ ಒಂದೇ ಒಂದು ಬಾಸ್ಕೆಟ್ ಬಿಟ್ಟುಕೊಡದೆ ಗೆದ್ದದ್ದು. ನಾನು ಆ ತಂಡದ ಹನ್ನೆರಡನೆಯವಳು, ಎಂದರೆ ಉಳಿದವರ ಸ್ವೆಟರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂರುವವಳು. ಆದರೂ ಆ ದಿನ ಕೊನೆಯ ಎರಡು ನಿಮಿಷ ನನ್ನನ್ನು ಆಡಿಸಿದರು. ಉದ್ದನೆಯ ಹುಡುಗಿಯೊಬ್ಬಳು ಎಸೆದ ಚೆಂಡನ್ನು ನಾನು ಹಾರಿ ತಡೆದೆ. ಅಂಗೈ ಚುರುಗುಟ್ಟಿದ್ದು ಈಗಲೂ ನೆನಪಿದೆ. ಈ ಕಥೆಯನ್ನು ಮಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ಒಮ್ಮೆ ಮಾತ್ರ, “ಅಮ್ಮಾ, ಪೂರಾ ಮ್ಯಾಚಲ್ಲಿ ಜೀರೋ? ಅವ್ರೇನು ಸೋ ರಹೇ ಥೇ, ಮಲ್ಗಿದ್ರಾ?” ಎಂದು ಕೇಳಿದ್ದಳು. ಆಗ ನನಗೆ ಬೇಸರವಾಗಿತ್ತು.

ಈ ಸಲದ ಸೋಲಿನ ಮರುದಿನ ಅಕ್ಕನ ಫೋನು ಬಂತು. ಅಕ್ಕ ಎಂದರೆ ನಮ್ಮ ತಂಡದ ಕ್ಯಾಪ್ಟನ್. ಇಬ್ಬರ ಅಪ್ಪಂದಿರೂ ಕೇಂದ್ರ ಸರ್ಕಾರದಲ್ಲಿದ್ದರು, ಒಂದೇ ಕ್ವಾರ್ಟರ್ಸಿನಲ್ಲಿ ಬೆಳೆದವರು ನಾವು. ಈಗ ಅವಳು ಗ್ರೇಟರ್ ನೋಯ್ಡಾದಲ್ಲಿ, ನಾನು ದ್ವಾರಕಾದಲ್ಲಿ. ವರ್ಷಕ್ಕೊಮ್ಮೆ ಭೇಟಿ.

“ಲೇ, ಗ್ರೂಪ್ ನೋಡಿದ್ಯಾ?”

“ನೋಡ್ದೆ ಅಕ್ಕ.”

“ಮೂವತ್ತೆಂಟು ಪಾಯಿಂಟಲ್ಲಿ ಸೋತಿದಾವೆ. ಚಲೋ, ಸಾಕು. ಆ ಕೋಚ್ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯತ್ತೆ. ಮುಂದುವರಿಸ್ಬೇಡಿ ಅಂತ ನಾವೆಲ್ಲ ಸೈನ್ ಹಾಕಿ ಲೆಟರ್ ಕೊಡೋಣ. ನೀನು ಬರಿ.”

“ನಾನ್ಯಾಕೆ?”

“ಇಪ್ಪತ್ತು ವರ್ಷದಿಂದ ಮಿನಿಸ್ಟ್ರೀಲಿ ಇನ್ನೇನು ಮಾಡಿದೀಯ? ಮೇಲಾಗಿ ನಿನ್ ಹತ್ರ ಡೈರಿಗಳಿವೆ. ನಮ್ಮಲ್ಲೆಲ್ಲ ಕಮ್ಮಿ ಆಡಿದೋಳು ನೀನು, ಜಾಸ್ತಿ ಬರ್ದೋಳೂ ನೀನೇ.”

ಬರೆದೆ. ಡೈರಿ ತೆಗೆದು ನೋಡಲಿಲ್ಲ. ನೆನಪಿರುವುದಕ್ಕೆ ಡೈರಿ ಏಕೆ? ‘ಎದುರಾಳಿಯನ್ನು ಸೊನ್ನೆಗೆ ಕಟ್ಟಿಹಾಕಿದ ಪರಂಪರೆ’ ಎಂಬ ಮಾತು ಎರಡನೆಯ ಪ್ಯಾರಾದಲ್ಲಿ ಬಂತು. ಓದಿದಾಗ ನನಗೇ ಹೆಮ್ಮೆಯಾಯಿತು. ಕರಡು ಎಂದು ಮೇಲೆ ಬರೆದು ಅಕ್ಕನಿಗೆ ಕಳಿಸಿದೆ.

ಆ ಶನಿವಾರ ಬೆಳಿಗ್ಗೆ ಮೆಟ್ರೋ ಹತ್ತಿ ವಿಶ್ವವಿದ್ಯಾಲಯಕ್ಕೆ ಹೋದೆ. ಒಬ್ಬರ ಕೆಲಸ ಕಳೆಯುವ ಮುಂಚೆ ಅವರನ್ನು ಒಮ್ಮೆಯಾದರೂ ನೋಡಬೇಕು ಎನ್ನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಬಹುಶಃ ಅಂಗಳವನ್ನು ನೋಡುವ ಆಸೆಯಷ್ಟೇ ಇತ್ತು.

ಅಂಗಳದಲ್ಲಿ ಏಳು ಹುಡುಗಿಯರು ಓಡಿಬಂದು ಎಡಗೈಯಿಂದ ಚೆಂಡನ್ನು ಬಾಸ್ಕೆಟ್ಟಿಗೆ ಹಾಕುವುದನ್ನು ಕಲಿಯುತ್ತಿದ್ದರು. ಕೋಚ್‌ಗೆ ನಲವತ್ತರ ಆಸುಪಾಸು. ಘಾಜಿಯಾಬಾದಿನಿಂದ ಎರಡು ಮೆಟ್ರೋ ಬದಲಿಸಿ, ಚೆಂಡುಗಳ ಚೀಲ ಹೆಗಲಿಗೇರಿಸಿಕೊಂಡು ಬರುವವರು. ಅವರಾಡಿದ್ದು ಹಿಂದಿ, ಆ ಸಂಜೆ ನಾನು ಅದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡೆ.

“ಎಡಗೈ ಲೇಅಪ್ ಮುಂದಿನ ವರ್ಷ ಕಲಿಸೋದು ಮ್ಯಾಡಮ್. ಮುಂದಿನ ವರ್ಷ ನಾನಿರ್ತೀನೋ ಇಲ್ಲವೋ, ಅದಕ್ಕೇ ಈಗಲೇ ಹೇಳಿಕೊಡ್ತಿದೀನಿ. ಹನ್ನೊಂದು ತಿಂಗಳ ಕರಾರು ನನ್ನದು. ಈ ಸಲ ಯಾಕೋ ಆಫೀಸಿನವರು ಮುಖ ಕೊಟ್ಟು ಮಾತಾಡ್ತಿಲ್ಲ.” ಆಮೇಲೆ ಕೇಳಿದರು: “ನಿಮ್ಮದು ಯಾವ ಬ್ಯಾಚು?”

“ಇಪ್ಪತ್ತು–ಸೊನ್ನೆ ಬ್ಯಾಚು,” ಎಂದೆ.

“ಅಚ್ಛಾ,” ಎಂದು ಅವರು ನನ್ನನ್ನು ಒಂದು ಕ್ಷಣ ನೋಡಿದರು. “ಯಾವ ತಿಂಗಳಲ್ಲಿ ನಡೆದಿತ್ತು ಮ್ಯಾಡಮ್?”

“ಜನವರಿ.”

“ಜನವರಿಯಲ್ಲಿ ಮಂಜು ಜಾಸ್ತಿ,” ಎಂದರು. ಚೆಂಡೊಂದನ್ನು ಎತ್ತಿಕೊಂಡು ಹುಡುಗಿಯರ ಕಡೆಗೆ ನಡೆದರು.

ಮನೆಗೆ ಬಂದು ಮಂಚದ ಪೆಟ್ಟಿಗೆಯಿಂದ ಆ ವರ್ಷದ ಡೈರಿ ತೆಗೆದೆ. ಆ ದಿನದ ಬರಹ ಚಿಕ್ಕದು. ‘ದಟ್ಟ ಮಂಜು. ಅವರ ರೈಲು ಎಲ್ಲಿ ನಿಂತಿದೆಯೋ ಯಾರಿಗೂ ಗೊತ್ತಿಲ್ಲ. ಹನ್ನೊಂದೂವರೆಯವರೆಗೆ ಕಾದೆವು. ನಮ್ಮ ಐವರು ಅಂಗಳದಲ್ಲಿ ನಿಂತರು, ರೆಫ್ರಿ ಸೀಟಿ ಊದಿದರು, ಮುಗಿಯಿತು. ಎದುರು ತಂಡ ಬರದಿದ್ದರೆ ಬಂದವರಿಗೆ 20–0 ಅಂತ ರೂಲ್ ಇದೆಯಂತೆ. ಬ್ರೆಡ್ ಪಕೋಡಾ ತಿಂದೆವು.’

ಎರಡು ಸಲ ಓದಿದೆ. ನಾನು ತಡೆದ ಚೆಂಡನ್ನು ಹಿಂದಿನ ಪುಟಗಳಲ್ಲಿ, ಮುಂದಿನ ಪುಟಗಳಲ್ಲಿ, ಆಮೇಲೆ ಇಡೀ ಮೂರು ವರ್ಷದ ಡೈರಿಗಳಲ್ಲಿ ಹುಡುಕಿದೆ. ಎಲ್ಲೂ ಇಲ್ಲ. ಬೇರೆ ಯಾರೋ ತಡೆದದ್ದನ್ನು ಬೆಂಚಿನಿಂದ ನೋಡಿ ನನ್ನ ಕೈಗೆ ಹಾಕಿಕೊಂಡಿರಬಹುದು. ಹುಡುಕುವಾಗ ಸಿಕ್ಕಿದ್ದು ಬೇರೆ: ಉಳಿದೆರಡು ವರ್ಷವೂ ನಾವು ಮೊದಲ ಸುತ್ತಿನಲ್ಲೇ ಸೋತಿದ್ದೆವು.

ಅಕ್ಕನಿಗೆ ಫೋನು ಮಾಡಿ ಪಕೋಡಾದವರೆಗೆ ಓದಿ ಹೇಳಿದೆ.

“ಆಡಿದ್ವಿ ಕಣೇ,” ಎಂದಳು. “ನೀನು ಬೆಂಚಲ್ಲಿದ್ದೆ. ಮಂಜಲ್ಲಿ ನಿಂಗೆ ಕಾಣ್ಸಿಲ್ಲ ಅಷ್ಟೆ.”

“ಬಾಸ್ಕೆಟ್‌ಬಾಲಲ್ಲಿ ಯಾರಾದ್ರೂ ಸೊನ್ನೆಗೆ ಸೋಲ್ತಾರಾ ಅಕ್ಕ? ಮೂರನೇ ಕ್ಲಾಸ್ ಮಕ್ಕಳೂ ಒಂದು ಹಾಕ್ತಾವೆ.”

“ನಮ್ ಡಿಫೆನ್ಸ್ ಹಾಗಿತ್ತು.”

“ಲೆಟರ್ ನಿಲ್ಸು. ಆ ಮಾತು ತೆಗೀಬೇಕು.”

“ಅದನ್ನ ತೆಗೆದ್ರೆ ಲೆಟರಲ್ಲಿ ಉಳಿಯೋದೇನು? ಹೋಗ್ಲಿ ಬಿಡು, ಇವತ್ತು ಬೆಳಿಗ್ಗೆನೇ ಮೇಲ್ ಮಾಡಾಯ್ತು. ನಿನ್ ಹೆಸರು ಎರಡ್ನೇದು.”

ಸೋಮವಾರ ಅರ್ಧ ದಿನ ರಜೆ ಹಾಕಿ ಡೈರಿ ಹಿಡಿದು ಕ್ರೀಡಾ ನಿರ್ದೇಶಕರ ಕೋಣೆಗೆ ಹೋದೆ. ಅವರು ವಾಣಿಜ್ಯಶಾಸ್ತ್ರದ ಪ್ರಾಧ್ಯಾಪಕರು. ಕ್ರೀಡೆ ಅವರಿಗೆ ಹೆಚ್ಚುವರಿ ಹೊಣೆ. ಮೇಜಿನ ಮೇಲೆ ನಮ್ಮ ಪತ್ರವಿತ್ತು. ಎರಡನೆಯ ಪ್ಯಾರಾಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಗಮನಾರ್ಹ’ ಎನ್ನುವ ಅರ್ಥದ ಷರಾ ಬರೆದಿದ್ದರು. ಕೋಚ್‌ನ ಕರಾರಿನ ಕಡತ ಅದರ ಕೆಳಗಿತ್ತು. ನಾನು ಎಲ್ಲವನ್ನೂ ಹೇಳಿದೆ.

“ಹಾಗಾದರೆ ನೀವು ಗೆದ್ದಿರಲಿಲ್ಲವೇ?”

“ಗೆದ್ದೆವು ಸರ್. ಆಡಲಿಲ್ಲ.”

“ಸೆಮಿಫೈನಲ್?”

“ಅದನ್ನು ಆಡಿದೆವು ಸರ್. ಗೆಲ್ಲಲಿಲ್ಲ.”

ಅವರು ನನ್ನತ್ತ ಒಂದು ಹಾಳೆ ತಳ್ಳಿ, ಇದನ್ನು ಬರವಣಿಗೆಯಲ್ಲಿ ಕೊಡಿ ಎಂದರು. ಅಲ್ಲೇ ಕೂತು ಬರೆದುಕೊಟ್ಟೆ. ನಮ್ಮ ತಂಡದ ಮೂರು ವರ್ಷದ ದಾಖಲೆಗೂ ಈಗಿನ ತಂಡದ್ದಕ್ಕೂ ಹವಾಮಾನ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ ಎಂದೂ ಸೇರಿಸಿದೆ.

ಹತ್ತು ದಿನದ ಮೇಲೆ ಉತ್ತರ ಬಂತು. ಕೋಚ್ ಕುರಿತು ಬಂದ ಎರಡು ಪತ್ರಗಳೂ ಒಬ್ಬರೇ ಬರೆದವು, ಅವು ಒಂದಕ್ಕೊಂದು ವಿರುದ್ಧವಾಗಿವೆ, ಆದ್ದರಿಂದ ಎರಡನ್ನೂ ಪರಿಗಣಿಸಿಲ್ಲ. ಕರಾರನ್ನು ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿಸಲಾಗಿದೆ. ಉತ್ತರದ ಒಂದು ಪ್ರತಿ ಅಕ್ಕನಿಗೂ ಹೋಗಿತ್ತು. ಅವಳು ಅದನ್ನು ಗುಂಪಿಗೆ ಹಾಕಿದಳು. ಯಾರೂ ಏನೂ ಬರೆಯಲಿಲ್ಲ. ಮಧ್ಯಾಹ್ನ ಒಬ್ಬರ ಹುಟ್ಟುಹಬ್ಬ ಬಂದದ್ದರಿಂದ ಎಲ್ಲರಿಗೂ ಅನುಕೂಲವಾಯಿತು.

ಸಂಜೆ ಅಕ್ಕ ಫೋನು ಮಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಳು ಕೂಡ.

“ಒಂದೇ ಒಂದು ಗೆಲುವಿತ್ತು. ಅದನ್ನೂ ಹೋಗಿ ಬರ್ದು ಕೊಟ್ಟು ಬಂದೆ. ಖುಷಿನಾ?”

“ಅವ್ರ ಕೆಲ್ಸ ಹೋಗ್ತಿತ್ತು ಅಕ್ಕ.”

“ಗೊತ್ತು.” ಹಿಂದೆ ಅವಳ ಮನೆಯ ಕುಕ್ಕರ್ ಕೂಗಿತು. “ನನ್ ಬಗ್ಗೆ ಏನಾದ್ರೂ ಬರ್ದಿದ್ಯಾ ಅವತ್ತು? ಪಕೋಡಾ ಬಿಟ್ಟು?”

ಡೈರಿ ತಂದು, ಹಿಂದಿನ ಸಲ ಓದದೆ ಬಿಟ್ಟಿದ್ದ ಕೊನೆಯ ಸಾಲನ್ನು ಓದಿದೆ. ‘ಅಕ್ಕ ಪಕೋಡಾ ಮುಟ್ಟಲಿಲ್ಲ. ಅವರು ಬಂದಿರಬಹುದು ಎಂದು ಮೂರು ಸಲ ಗೇಟಿನವರೆಗೆ ಹೋಗಿ ನೋಡಿ ಬಂದಳು.’

“ನಾಲ್ಕು ಸಲ,” ಎಂದಳು ಅಕ್ಕ.